ಹಳೆಗಾಡಿನಲ್ಲಿ ಎಲ್ಲಿ ತಲೆ ಎತ್ತಬೇಕು, ಎಲ್ಲಿ ಮೊಣಕಾಲೂರಬೇಕು

ಸಿಯಾಟಲ್, ಪೋರ್ಟ್‌ಲ್ಯಾಂಡ್, ವ್ಯಾಂಕೂವರ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಕಾಡು ದೂರದ ಮಾತಲ್ಲ. ಶನಿವಾರ ಬೆಳಗ್ಗೆ ಚಿತ್ರಾನ್ನ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನದೊಳಗೆ ಮುನ್ನೂರು, ಐನೂರು ವರ್ಷದ ಮರಗಳ ಕೆಳಗೆ ಕೂತು ಉಣ್ಣಬಹುದು. ಆದರೆ ಹೆಚ್ಚಿನವರ ಮನಸ್ಸೆಲ್ಲ ಜಲಪಾತದ ಮೇಲೆ, ಬೆಟ್ಟದ ತುದಿಯ ಮೇಲೆ. ನಡುವೆ ಸಿಗುವ ಕಾಡು ಬರೀ ದಾರಿಯಾಗಿ ಹಿಂದೆ ಸರಿದುಬಿಡುತ್ತದೆ. ಹಾಗೆ ಹಿಂದೆ ಸರಿಯುವ ಕಾಡಿನಲ್ಲೇ ಅಪರೂಪದ ಕಲ್ಲುಹೂವುಗಳಿವೆ (ಇಂಗ್ಲಿಷಿನ ಲೈಕನ್), ಶತಮಾನಗಳ ಮರವನ್ನೇ ಬೇಡುವ ಅಣಬೆಗಳಿವೆ, ಮೈಯಲ್ಲಿ ಹಸಿರಿನ ಸುಳಿವೂ ಇಲ್ಲದ ಗಿಡಗಳಿವೆ. ಅವಕ್ಕೆ ಪೆಟ್ಟಾಗದಂತೆ ಅವನ್ನು ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಅಪರೂಪದ ಜೀವಿಯ ಫೋಟೊ ಹಿಡಿದುಕೊಂಡು ಅದನ್ನೇ ಹುಡುಕುತ್ತ ಹೋಗಬೇಡಿ. ಅದು ಬದುಕಬಲ್ಲ ಜಾಗ ಯಾವುದೆಂದು ತಿಳಿದು ಆ ಜಾಗವನ್ನು ಹುಡುಕಿ. ಜೀವಿ ಸಿಕ್ಕರೂ ಸಿಗಬಹುದು, ಸಿಗದೆಯೂ ಇರಬಹುದು. ಆದರೆ ಜಾಗ ಗುರುತಿಸಲು ಬಂದರೆ ಈ ಕಾಡು ಏಕೆ ಕಡಿಯಬಾರದ್ದು ಎಂಬುದು ಯಾರೂ ಹೇಳಿಕೊಡದೆ ನಿಮಗೇ ತಿಳಿಯುತ್ತದೆ. ಅಲ್ಲಿನ ಸರ್ಕಾರಿ ಸಮೀಕ್ಷೆಗಳೂ ನಡೆಯುವುದು ಹೀಗೆಯೇ. 1990ರಲ್ಲಿ ಉತ್ತರದ ಚುಕ್ಕೆಗೂಬೆಯನ್ನು ಅಪಾಯದಲ್ಲಿರುವ ಜೀವಿ ಎಂದು ಅಮೆರಿಕ ಘೋಷಿಸಿತು. ಅದರ ಬೆನ್ನಿಗೆ 1994ರಲ್ಲಿ ವಾಷಿಂಗ್ಟನ್, ಒರೆಗಾನ್ ಮತ್ತು ಉತ್ತರ ಕ್ಯಾಲಿಫೋರ್ನಿಯಾದ ಸುಮಾರು 2.4 ಕೋಟಿ ಎಕರೆ ಕೇಂದ್ರ ಸರ್ಕಾರದ ಭೂಮಿಗೆ ನಾರ್ತ್‌ವೆಸ್ಟ್ ಫಾರೆಸ್ಟ್ ಪ್ಲ್ಯಾನ್ ಎಂಬ ಯೋಜನೆ ಬಂತು. ಗೂಬೆಯನ್ನು ಕಾಪಾಡಿದರೆ ಸಾಲದು, ಹಳೆಯ ಕಾಡನ್ನೇ ನೆಚ್ಚಿಕೊಂಡ ಸಣ್ಣ ಜೀವಿಗಳ ಗತಿಯೇನು ಎಂಬ ಪ್ರಶ್ನೆ ಎದ್ದಾಗ ಸುಮಾರು 400 ಜೀವಿಗಳ ಪಟ್ಟಿ ತಯಾರಾಯಿತು. ಪಟ್ಟಿಯ ಬಹುಪಾಲು ಅಣಬೆ, ಕಲ್ಲುಹೂವು, ಹಾವಸೆ (ಮಾಸ್) ಇವೇ. ಇವುಗಳಲ್ಲಿ ಹಲವಕ್ಕೆ, ಮರ ಕಡಿಯುವ ಮುನ್ನ ಸಿಬ್ಬಂದಿ ಹೋಗಿ ಹುಡುಕಿ ನೋಡಬೇಕೆಂಬ ನಿಯಮವಾಯಿತು. ಹಾಗೆ ಹೋದವರು ಕಾಡಿನ ಮೂಲೆಮೂಲೆ ಜಾಲಾಡುವುದಿಲ್ಲ; ಯಾವ ಜೀವಿಗೆ ಯಾವ ನೆಲೆ ಎಂದು ತಿಳಿದುಕೊಂಡು ನೇರ ಅಲ್ಲಿಗೇ ಹೋಗುತ್ತಾರೆ.

ಮೊದಲ ಹೆಜ್ಜೆ: ಕಾಡು ನಿಜಕ್ಕೂ ಹಳೆಯದೇ?

ಎತ್ತರದ ಮರ ಕಂಡ ಕೂಡಲೇ ಹಳೆಯ ಕಾಡು ಎಂದುಕೊಳ್ಳುವುದು ಸಹಜ. ಆದರೆ ಡಗ್ಲಸ್ ಫರ್ ಬಲುಬೇಗ ಮೇಲೇಳುವ ಮರ. ಅರವತ್ತು ವರ್ಷದ ನೆಡುತೋಪು ಕೂಡ ಹೊಸಬರ ಕಣ್ಣಿಗೆ ಘನಘೋರ ಅರಣ್ಯವೇ. ಎತ್ತರವನ್ನು ಮರೆತು ಬೇರೆ ಲಕ್ಷಣ ನೋಡಬೇಕು.

ಅರಣ್ಯ ವಿಜ್ಞಾನಿ ಜೆರ್ರಿ ಫ್ರಾಂಕ್ಲಿನ್ ಮತ್ತು ಸಂಗಡಿಗರು 1981ರಲ್ಲಿ ಹೊರತಂದ ವರದಿಯೊಂದು ಇದಕ್ಕೆ ನಾಲ್ಕು ಗುರುತು ಕೊಟ್ಟಿತು: ಭಾರೀ ಗಾತ್ರದ ಜೀವಂತ ಮರ, ಸತ್ತು ನಿಂತ ದೊಡ್ಡ ಮರ, ನೆಲದ ಮೇಲೆ ಬಿದ್ದ ದೊಡ್ಡ ದಿಮ್ಮಿ, ಹೊಳೆಯಲ್ಲಿ ಬಿದ್ದ ದೊಡ್ಡ ದಿಮ್ಮಿ. ನಾಲ್ಕರಲ್ಲಿ ಮೂರು ಸತ್ತ ಮರಗಳೇ ಎಂಬುದನ್ನು ಗಮನಿಸಿ. ಅಂದಿನವರೆಗೆ ಅರಣ್ಯ ಇಲಾಖೆಗಳು ಕೊಳೆತು ದಂಡವಾಗುವ ಮರ ಎಂದು ಲೆಕ್ಕ ಹಾಕುತ್ತಿದ್ದುದೇ ಕಾಡಿನ ಜೀವಾಳ ಎಂದು ಆ ವರದಿ ತೋರಿಸಿಕೊಟ್ಟಿತು. ಡಗ್ಲಸ್ ಫರ್ ಕಾಡಿನಲ್ಲಿ ಈ ನಾಲ್ಕೂ ಕೂಡಿಬರಲು ಸಾಧಾರಣವಾಗಿ ಇನ್ನೂರು ವರ್ಷವಾದರೂ ಬೇಕು.

ನಿಂತಲ್ಲೇ ಒಂದು ಸುತ್ತು ತಿರುಗಿ ನೋಡಿ. ಎಲ್ಲ ಕಾಂಡಗಳೂ ಒಂದೇ ದಪ್ಪ, ಕೆಳಗೆ ಕತ್ತಲು, ನೆಲದಲ್ಲಿ ಒಣ ಸೂಜಿತರಗು ಬಿಟ್ಟರೆ ಏನಿಲ್ಲ ಅಂದರೆ ಅದು ಮರುಬೆಳೆದ ತೋಪು. ಹಳೆಗಾಡಿನಲ್ಲಿ ಅಜ್ಜನ ಗಾತ್ರದ ಮರದ ಪಕ್ಕ ಮೊಮ್ಮಗನ ಗಾತ್ರದ್ದು ನಿಂತಿರುತ್ತದೆ. ಮರ ಬಿದ್ದ ಕಡೆ ಬೆಳಕಿನ ಕಿಂಡಿ ತೆರೆದಿರುತ್ತದೆ. ಕಿಂಡಿಯ ಕೆಳಗೆ ಜರೀಗಿಡ, ಹಕಲ್‌ಬೆರಿ ಪೊದೆ ತುಂಬಿರುತ್ತವೆ. ಇನ್ನೊಂದು ಗುರುತು ನನಗೆ ಬಹಳ ಉಪಯೋಗಕ್ಕೆ ಬಂದಿದೆ: ದಪ್ಪ ಸೀಡರ್ ಮೋಟುಗಳಲ್ಲಿ ಆಳೆತ್ತರದ ಆಸುಪಾಸಿನಲ್ಲಿ ಕೊರೆದ ಕಚ್ಚು ಕಾಣುತ್ತದೆಯೇ ನೋಡಿ. ಕೈಗರಗಸದ ಕಾಲದಲ್ಲಿ ಮರ ಕಡಿಯುವವರು ಆ ಕಚ್ಚಿಗೆ ಹಲಗೆ ಸಿಕ್ಕಿಸಿ ಅದರ ಮೇಲೆ ನಿಂತು ಕೊಯ್ಯುತ್ತಿದ್ದರು. ಕಚ್ಚು ಕಂಡರೆ ಆ ಜಾಗದ ಹಳೆಗಾಡು ಒಂದು ಶತಮಾನದ ಹಿಂದೆಯೇ ಹೋಯಿತು ಎಂದು ತಿಳಿಯಿರಿ.

ಮರಗಳ ಗುರುತು ನಮಗೆ ಕಷ್ಟ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಪಶ್ಚಿಮ ಘಟ್ಟದಲ್ಲಿ ತಾನಾಗಿ ಬೆಳೆಯುವ ಸೂಚಿಪರ್ಣಿ ವರ್ಗದ ಮರ ಒಂದೇ ಒಂದು, ನಾಗೇಯಾ ವಾಲಿಚಿಯಾನಾ. ಅದರ ಎಲೆಯೂ ಸೂಜಿಯಂತಿರದೆ ಅಗಲವಾಗಿದೆ. ಹಾಗಾಗಿ ನಾಲ್ಕು ಮರ ಕಲಿತರೆ ಸದ್ಯಕ್ಕೆ ಸಾಕು. ಡಗ್ಲಸ್ ಫರ್‌ನ ತೊಗಟೆ ದಪ್ಪ, ಆಳವಾದ ಬಿರುಕಿನದು. ಅದರ ಕಾಯಿಯ ಪದರುಗಳ ನಡುವಿನಿಂದ ಮೂರು ಸೀಳಿನ ತುದಿಗಳು ಹೊರಗೆ ಚಾಚಿರುತ್ತವೆ, ಇಲಿಯೊಂದು ಒಳಗೆ ನುಗ್ಗಿ ಬಾಲವನ್ನೂ ಹಿಂಗಾಲುಗಳನ್ನೂ ಹೊರಗೆ ಬಿಟ್ಟಂತೆ. ವೆಸ್ಟರ್ನ್ ಹೆಮ್‌ಲಾಕ್‌ನ ನೆತ್ತಿಯ ಚಿಗುರು ಬಾಗಿ ಜೋತಿರುತ್ತದೆ. ವೆಸ್ಟರ್ನ್ ರೆಡ್ ಸೀಡರ್‌ನ ತೊಗಟೆ ಉದ್ದುದ್ದ ನಾರಾಗಿ ಸುಲಿಯುತ್ತದೆ. ಕರಾವಳಿಯ ಸಿಟ್ಕಾ ಸ್ಪ್ರೂಸ್‌ನ ಸೂಜಿ ಅಂಗೈಗೆ ಚುಚ್ಚುತ್ತದೆ, ತೊಗಟೆ ಹಪ್ಪಳೆ ಹಪ್ಪಳೆಯಾಗಿ ಏಳುತ್ತದೆ.

ಎಲ್ಲಿಗೆ ಹೋಗುವುದು? ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಹೋ ಮತ್ತು ಕ್ವಿನಾಲ್ಟ್ ಕಣಿವೆಗಳು, ಮೌಂಟ್ ರೇನಿಯರ್ ಉದ್ಯಾನದ ಒಹಾನಪಿಕಾಶ್ ಕಡೆ, ವ್ಯಾಂಕೂವರ್ ದ್ವೀಪದ ಕೆಥೀಡ್ರಲ್ ಗ್ರೋವ್ ಎಲ್ಲವೂ ಮೊದಲ ಭೇಟಿಗೆ ಒಳ್ಳೆಯವು. ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ಉದ್ಯಾನದ ತಾಣದಲ್ಲಿ ನೋಡಿಕೊಳ್ಳಲೇಬೇಕು. ಒರೆಗಾನ್‌ನ ಹೆಸರಾಂತ ಓಪಲ್ ಕ್ರೀಕ್ ಹಳೆಗಾಡು 2020ರ ಬೆಂಕಿಗೆ ಸಿಕ್ಕಿತು, ಎಚ್. ಜೆ. ಆ್ಯಂಡ್ರೂಸ್ ಪ್ರಾಯೋಗಿಕ ಅರಣ್ಯದ ದೊಡ್ಡ ಭಾಗ 2023ರಲ್ಲಿ ಸುಟ್ಟಿತು. ಹಳೆಯ ಪ್ರವಾಸ ಪುಸ್ತಕ ನಂಬಿ ಹೋಗುವ ಕಾಲ ಇದಲ್ಲ.

ಕಾಡಿನೊಳಗೆ ಹೋದ ಮೇಲೂ ಅಂಚಿನಲ್ಲಿ ನಿಲ್ಲದೆ ದಾರಿಗುಂಟ ಒಳಗೆ ಸಾಗಿ. ಪಕ್ಕದಲ್ಲಿ ಬೋಳುಗಡಿತದ ಬಯಲಿದ್ದರೆ ಅಲ್ಲಿಂದ ಬೀಸುವ ಒಣಗಾಳಿ, ಬಿಸಿಲಿನ ಪರಿಣಾಮ ಇನ್ನೂರು ಮೀಟರಿಗೂ ಆಚೆ ಕಾಡಿನೊಳಗೆ ತಟ್ಟುತ್ತದೆ. ತೇವ ನಂಬಿದ ಜೀವಿಗಳ ಪಾಲಿಗೆ ಆ ಪಟ್ಟಿಯಷ್ಟೂ ಇದ್ದೂ ಇಲ್ಲದ ಕಾಡು.

ಎರಡನೆಯ ಹೆಜ್ಜೆ: ಕಾಲ ನೋಡಿ ಹೊರಡಿ

ನಮ್ಮ ಮಳೆಗಾಲದ ಲೆಕ್ಕ ಅಲ್ಲಿ ತಲೆಕೆಳಗು. ಹೋ ಕಣಿವೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆಗುಂಬೆಯ ಅರ್ಧದಷ್ಟು. ಆದರೆ ಅದು ಬೀಳುವುದು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಚಳಿಯಲ್ಲಿ, ದಿನಗಟ್ಟಲೆ ಸೋನೆಯಾಗಿ. ಜುಲೈ, ಆಗಸ್ಟ್ ಒಣ ತಿಂಗಳು. ಕಲ್ಲುಹೂವು, ಹಾವಸೆಗಳು ಮೈತುಂಬಿಕೊಂಡು ಬೆಳೆಯುವುದು ಚಳಿಗಾಲದ ಒದ್ದೆಯಲ್ಲೇ. ಬೇಸಗೆಯಲ್ಲಿ ಅವು ಒಣಗಿ ಮುದುಡಿ ಬಣ್ಣಗೆಟ್ಟು ಕೂತಿರುತ್ತವೆ.

ಆದ್ದರಿಂದ ಎಲ್ಲವನ್ನೂ ಒಂದೇ ಭೇಟಿಯಲ್ಲಿ ನೋಡುವ ಆಸೆ ಬಿಡಿ. ಏಪ್ರಿಲ್–ಮೇ ತಿಂಗಳಲ್ಲಿ ಕ್ಯಾಲಿಪ್ಸೊ ಎಂಬ ಪುಟ್ಟ ಗುಲಾಬಿ ಆರ್ಕಿಡ್. ಜೂನ್‌ನಿಂದ ಆಗಸ್ಟ್‌ವರೆಗೆ ಹಸಿರಿಲ್ಲದ ಗಿಡಗಳು. ಮೊದಲ ಮಳೆ ಬಿದ್ದ ಮೇಲೆ, ಅಕ್ಟೋಬರ್–ನವೆಂಬರಿನಲ್ಲಿ ಅಣಬೆಗಳು. ಮರದ ನೆತ್ತಿಯ ಕಲ್ಲುಹೂವು ನೋಡಲು ಚಳಿಗಾಲದ ಬಿರುಗಾಳಿ ಪೂರ್ತಿ ನಿಂತ ಮರುದಿನದಷ್ಟು ಒಳ್ಳೆಯ ದಿನ ಬೇರೊಂದಿಲ್ಲ. ಗಾಳಿ ಇರುವಾಗ ಮಾತ್ರ ಹಳೆಗಾಡಿಗೆ ಕಾಲಿಡಬೇಡಿ. ಒಣಮರಗಳು, ತುಂಡಾಗಿ ಮೇಲೆ ಸಿಕ್ಕಿಕೊಂಡ ಕೊಂಬೆಗಳು ಸದ್ದಿಲ್ಲದೆ ಬೀಳುತ್ತವೆ.

ಕೈಯಲ್ಲಿ ಹೆಚ್ಚಿನದೇನೂ ಬೇಡ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ, ಟಾರ್ಚು, ಮೊಣಕಾಲಡಿಗೆ ಹಾಸಲು ಒಂದು ತುಂಡು ಹಾಳೆ, ಮಳೆಯಂಗಿ, ಸಿಗ್ನಲ್ ಇಲ್ಲದಿದ್ದರೂ ತೆರೆಯುವ ನಕ್ಷೆ. ಚಾಕು, ಚೀಲ ಮನೆಯಲ್ಲೇ ಇರಲಿ.

ಮೂರನೆಯ ಹೆಜ್ಜೆ: ನೆಲೆಗಳನ್ನು ಒಂದೊಂದಾಗಿ ನೋಡಿ

ಇಡೀ ಕೆಲಸದ ತಿರುಳು ಇಲ್ಲಿದೆ. ಅವಸರ ಮಾಡಬೇಡಿ. ಒಂದು ದಿನಕ್ಕೆ ಒಂದೆರಡು ನೆಲೆ ನೋಡಿದರೂ ಸಾಕು.

*ನೆಲಕ್ಕುದುರಿದ ನೆತ್ತಿ.* ಅರವತ್ತು, ಎಪ್ಪತ್ತು ಮೀಟರ್ ಎತ್ತರದ ಮರದ ತಲೆಯಲ್ಲಿ ಏನಿದೆ ಎಂದು ತಿಳಿಯಲು ಹತ್ತಬೇಕಿಲ್ಲ, ಕಾಲಡಿಯಲ್ಲಿ ಬಿದ್ದಿರುವುದನ್ನು ನೋಡಿದರಾಯಿತು. ಎಲೆಯಂತೆ ಹರಡಿದ, ಹಳದಿ ಬೆರೆತ ತಿಳಿಹಸಿರಿನ, ಏರುತಗ್ಗಿನ ಮೈಯ, ಅಂಚು ಸಣ್ಣಗೆ ಹರಿದಂತಿರುವ ತುಣುಕುಗಳು ಕಂಡರೆ ಅದು ಬಹುಶಃ ಲೊಬೇರಿಯಾ ಒರೆಗಾನಾ. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನಂತೆ ಇದೂ ಶಿಲೀಂಧ್ರ ಮತ್ತು ಪಾಚಿ ಕೂಡಿ ಕಟ್ಟಿದ ಒಡಲು. ಇದರೊಳಗೆ ಮೂರನೆಯ ಪಾಲುದಾರನೂ ಇದೆ, ನಾಸ್ಟಾಕ್ ಎಂಬ ನೀಲಿಹಸಿರು ಜೀವಾಣು. ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುವುದು ಅದರ ಕೆಲಸ. 1970ರ ದಶಕದಲ್ಲಿ ಒರೆಗಾನ್‌ನ ವಿಲಿಯಂ ಡೆನಿಸನ್ ಮತ್ತು ಸಂಗಡಿಗರು ಬೆಟ್ಟ ಹತ್ತುವವರ ಹಗ್ಗ ಬಳಸಿ ಈ ಮರಗಳನ್ನೇರಿ ನೋಡಿದಾಗ ಕಾಡಿಗೆ ಬರುವ ಸಾರಜನಕದ ಒಂದು ದೊಡ್ಡ ಪಾಲು ಮೇಲಿಂದ ಉದುರುವ ಈ ಕಲ್ಲುಹೂವಿನದೇ ಎಂದು ಗೊತ್ತಾಯಿತು. ನೀವು ತುಳಿಯದೆ ದಾಟಿದ ಆ ತುಣುಕು ಕೊಳೆತು ಮರದ ಬೇರಿಗೆ ಸೇರುತ್ತದೆ.

ಇದು ಹಳೆಗಾಡಿನಲ್ಲೇ ಏಕೆ ಹೇರಳ? ಎಳೆಯ ಮರದಲ್ಲಿ ಬದುಕಲಾರದು ಎಂದು ಬಹುಕಾಲ ನಂಬಿದ್ದರು. ಸ್ಟೀವನ್ ಸಿಲೆಟ್, ಬ್ರೂಸ್ ಮೆಕ್ಯೂನ್ ಮೊದಲಾದವರು 2000ದಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯೇ ಉತ್ತರ ಕೊಟ್ಟವು. ಎಳೆಯ ಕಾಡಿಗೆ ತಂದು ಹಚ್ಚಿದರೆ ಇದು ಅಲ್ಲಿಯೂ ಬೆಳೆಯುತ್ತದೆ. ಆದರೆ ತಾನಾಗಿ ಅಲ್ಲಿಗೆ ತಲುಪಲಾರದು. ಹರಡುವುದು ಮುಖ್ಯವಾಗಿ ಹರಿದ ತುಣುಕುಗಳಿಂದ, ಭಾರವಾದ ತುಣುಕು ಗಾಳಿಯಲ್ಲಿ ದೂರ ಸಾಗದು. ಕಡಿದ ಜಾಗದ ನಡುವೆ ಒಂದೆರಡು ಹಳೆಯ ಮರ ಉಳಿಸಿದ್ದರೆ ಅಲ್ಲಿಂದ ಸುತ್ತಲ ಎಳೆಮರಗಳಿಗೆ ದಾಟುತ್ತದೆ, ಉಳಿಸದಿದ್ದರೆ ಕಾಯುವುದು ಒಂದು ಶತಮಾನ. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ, ಬೋಳುಗುಡ್ಡದ ಮೇಲೆ ಒಂಟಿಯಾಗಿ ಉಳಿಸಿದ ಮುದಿಮರವನ್ನು ನೀವು ನೋಡುವ ರೀತಿಯೇ ಬದಲಾಗುತ್ತದೆ.

ಬಿದ್ದ ತುಣುಕುಗಳಲ್ಲಿ ನೀಲಿಬೂದು ಬಣ್ಣದ್ದು ಕಂಡರೆ ನಿಂತು ಬಗ್ಗಿ. ಅಡಿಭಾಗದಲ್ಲಿ ಬಿಳಿಯ ಚುಕ್ಕೆಗಳಿದ್ದರೆ ಅದು ಸ್ಯೂಡೊಸೈಫೆಲ್ಲೇರಿಯಾ ರೇನಿಯರೆನ್ಸಿಸ್ ಇರಬಹುದು. ರೇನಿಯರ್ ಪರ್ವತದ ಹೆಸರು ಹೊತ್ತ, ಅಲಾಸ್ಕಾದ ತೆಂಕಣ ತುದಿಯಿಂದ ಒರೆಗಾನ್‌ವರೆಗಿನ ಹಳೆಗಾಡುಗಳಲ್ಲಿ ಅಲ್ಲಲ್ಲಿ ಮಾತ್ರ ಉಳಿದ ಕಲ್ಲುಹೂವು ಇದು. ಇನ್ನು ಕೊಂಬೆಗಳಿಂದ ಗಡ್ಡದಂತೆ ಜೋತವುಗಳಲ್ಲಿ ಯಾವುದು ಯಾವುದೆಂದು ತಿಳಿಯಲು ಸುಲಭ ಉಪಾಯವೊಂದಿದೆ. ನೆಲಕ್ಕೆ ಬಿದ್ದ ಒದ್ದೆ ಎಳೆಯೊಂದನ್ನು ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಗಿನ ಹಸಿರು ಪದರ ಒಡೆದು ಒಳಗಿನಿಂದ ಬಿಳಿಯ ಹಿಗ್ಗುವ ನರ ಕಂಡರೆ ಅದು ಅಸ್ನಿಯಾ. ನರವಿಲ್ಲದೆ ಪಟ್ಟನೆ ತುಂಡಾದರೆ ಅಲೆಕ್ಟೋರಿಯಾ ಅಥವಾ ಬೇರೆ ಯಾವುದೋ. ಕವಲೊಡೆಯದ ಒಂದೇ ಉದ್ದ ಎಳೆ, ಅದರುದ್ದಕ್ಕೂ ಎರಡು ಕಡೆ ಗಿಡ್ಡ ಕಡ್ಡಿಗಳಂಥ ಟಿಸಿಲು ಕಂಡರೆ ಮಾತ್ರ ಎಳೆಯಲು ಹೋಗಬೇಡಿ. ಅದು ಅಸ್ನಿಯಾ ಲಾಂಜಿಸಿಮಾ, ಮೂರು ಮೀಟರಿಗೂ ಉದ್ದ ಬೆಳೆಯಬಲ್ಲ, ಜಗತ್ತಿನ ಅತಿ ಉದ್ದದ ಕಲ್ಲುಹೂವುಗಳಲ್ಲೊಂದು. ಹಿಮಾಲಯದಲ್ಲೂ ಇದೆ. ಕೊಳೆಗಾಳಿ ತಾಳಲಾರದ್ದರಿಂದ, ಹಳೆಗಾಡೂ ಕಡಿದುಹೋದದ್ದರಿಂದ ಸ್ಕ್ಯಾಂಡಿನೇವಿಯಾದ ಎಷ್ಟೋ ಕಡೆ ಕಣ್ಮರೆಯಾಗಿದೆ.

*ಸತ್ತು ನಿಂತ ಮರದ ಒಣ ಬದಿ.* ಒದ್ದೆಗಾಡಿನಲ್ಲಿ ಒಣ ಜಾಗವೇ ಅಪರೂಪ. ತೊಗಟೆ ಕಳಚಿ ಬೂದಿಬಣ್ಣಕ್ಕೆ ತಿರುಗಿದ ಒಣಮರವೋ, ವಾಲಿ ನಿಂತ ಹಳೆಯ ಸೀಡರೋ ಸಿಕ್ಕರೆ ಮಳೆಹನಿ ತಾಗದ ಒಳಮಗ್ಗುಲಿಗೆ ಹೋಗಿ. ಬರಿಗಣ್ಣಿಗೆ ಅಲ್ಲಿರುವುದು ಮಸಿಯೋ ಧೂಳೋ ಅನಿಸುತ್ತದೆ. ಟಾರ್ಚನ್ನು ಮೇಲ್ಮೈಗೆ ಒರಗಿಸಿ ಪಕ್ಕದಿಂದ ಬೆಳಕು ಬಿಡಿ, ಭೂತಗನ್ನಡಿಯನ್ನು ಕಣ್ಣಿಗೆ ತಾಗಿಸಿಕೊಂಡು ಮುಖವನ್ನೇ ಮರದ ಹತ್ತಿರ ತನ್ನಿ. ಒಂದೆರಡು ಮಿಲಿಮೀಟರ್ ಎತ್ತರದ, ಗುಂಡುತಲೆಯ ಸಣ್ಣ ಕಡ್ಡಿಗಳು ಸಾಲುಸಾಲಾಗಿ ನಿಂತಿರುವುದು ಕಾಣುತ್ತದೆ. ಕ್ಯಾಲಿಸಿಯಮ್, ಕೀನೋಥೀಕಾ ಜಾತಿಯ ಗುಂಡುಸೂಜಿ ಕಲ್ಲುಹೂವುಗಳು ಇವು. ಗಟ್ಟಿಯಾದ, ಬಹುಕಾಲ ಕೆಡದೆ ನಿಂತ ಮರ ಇವಕ್ಕೆ ಬೇಕು. ಅಂಥ ಮರ ಒಂದಾದ ಮೇಲೊಂದರಂತೆ ಅದೇ ಕಾಡಿನಲ್ಲಿ ದೊರೆಯುತ್ತಲೇ ಇರಬೇಕು. ಇವುಗಳಲ್ಲಿ ಹಲವು ಬಗೆ ಒಂದೇ ಕಡೆ ಕಂಡರೆ ಆ ಕಾಡು ತುಂಬ ಕಾಲದಿಂದ ತಡೆಯಿಲ್ಲದೆ ಕಾಡಾಗಿಯೇ ಉಳಿದಿದೆ ಎಂದು ಕಲ್ಲುಹೂವು ತಜ್ಞರು ಅಂದಾಜು ಮಾಡುತ್ತಾರೆ. ಬಗೆಯ ಹೆಸರು ಹೇಳಲು ಸೂಕ್ಷ್ಮದರ್ಶಕ ಬೇಕೇ ಬೇಕು. ಹೆಸರು ಗೊತ್ತಾಗದಿದ್ದರೂ ನೋಡಿ; ಇಡೀ ಹಳೆಗಾಡಿನಲ್ಲಿ ನನಗೆ ಅತ್ಯಂತ ಪ್ರಿಯವಾದ ನೋಟ ಇದು.

*ಮಹಾಮರದ ಕಾಂಡ ಮತ್ತು ಬುಡ.* ಇಲ್ಲಿ ತಲೆ ಎತ್ತಬೇಕು. ಹಳೆಯ ಡಗ್ಲಸ್ ಫರ್ ಕಾಂಡದಲ್ಲಿ, ಸಾಮಾನ್ಯವಾಗಿ ಬಹಳ ಮೇಲೆ, ಸುಣ್ಣ ಬಳಿದಂಥ ಗೊರಸಿನಾಕಾರದ ಅಥವಾ ಕಂಬದಂತೆ ಕೆಳಮುಖ ಬೆಳೆದ ಗಟ್ಟಿ ಅಣಬೆ ಕಂಡರೆ ಅದು ಅಗಾರಿಕಾನ್ ಇರಬಹುದು. ಒಂದೇ ಒಡಲು ಹಲವು ದಶಕ ಬದುಕುತ್ತದೆ. ಪ್ರಾಚೀನ ಗ್ರೀಕರು ಔಷಧಿಗೆ ಬಳಸುತ್ತಿದ್ದರು. ವಾಯವ್ಯ ಕರಾವಳಿಯ ಹೈಡಾ, ಟ್ಲಿಂಗಿಟ್ ಜನ ಇದರಲ್ಲಿ ಕೆತ್ತಿದ ಆಕೃತಿಗಳನ್ನು ತಮ್ಮ ಮಂತ್ರವೈದ್ಯರ ಸಮಾಧಿಯ ಕಾವಲಿಗಿಡುತ್ತಿದ್ದರು. 2019ರಿಂದ, ಜೀವಿಗಳ ಅಳಿವಿನ ಅಪಾಯ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಇದು ಅಳಿವಿನಂಚಿನದು.

ಇದಕ್ಕಿಂತಲೂ ವಿರಳವಾದದ್ದು ಬ್ರಿಡ್ಜಿಯೋಪೊರಸ್ ನೊಬಿಲಿಸಿಮಸ್ ಎಂಬ ಅಣಬೆ. ನೋಬಲ್ ಫರ್ ಮತ್ತು ಪೆಸಿಫಿಕ್ ಸಿಲ್ವರ್ ಫರ್ ಮರಗಳೇ ಇದಕ್ಕೆ ಬೇಕು, ಅದೂ ಸಾಮಾನ್ಯವಾಗಿ ಮೀಟರ್ ದಪ್ಪ ಮೀರಿದ ಮುದಿಮರಗಳ ಬುಡವೋ ಮೋಟೋ. ಮೇಲ್ಮೈ ಒರಟು ಕೂದಲಿನಂತೆ, ಅದರ ಮೇಲೆ ಪಾಚಿ ಹಬ್ಬಿ ಹಸಿರು. ಹಾಗಾಗಿ ಪಕ್ಕದಲ್ಲೇ ನಡೆದುಹೋದರೂ ಕಾಣುವುದಿಲ್ಲ. 1943ರಲ್ಲಿ ಸ್ಯಾಂಡೊಜ್ ಸಹೋದರರು ಇದನ್ನು ಕಂಡುಹಿಡಿದರು; ನೂರು ಕಿಲೋ ಮೀರಿ ತೂಗಿದ ಮಾದರಿಯೂ ಸಿಕ್ಕಿದೆ. 1949ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಬಂತು. 1995ರಲ್ಲಿ ಅಮೆರಿಕದಲ್ಲಿ ಅಳಿವಿನಂಚಿನ ಪಟ್ಟಿಯೊಂದಕ್ಕೆ ಸೇರಿದ ಮೊದಲ ಅಣಬೆಯೆನಿಸಿಕೊಂಡಿತು. ನೀವು ನೋಡುವ ಸಾಧ್ಯತೆ ಬಹಳ ಕಡಿಮೆ. ಆದರೆ ಎತ್ತರದ ಬೆಟ್ಟಗಾಡಿನಲ್ಲಿ ಮುದಿ ಫರ್ ಸಿಕ್ಕಾಗ ಬುಡ ಸುತ್ತಿ ನೋಡುವ ಅಭ್ಯಾಸವಿರಲಿ.

*ಬಿದ್ದ ದಿಮ್ಮಿ.* ಆ್ಯಂಡ್ರೂಸ್ ಅರಣ್ಯದಲ್ಲಿ ಮಾರ್ಕ್ ಹಾರ್ಮನ್ 1985ರಲ್ಲಿ ದಿಮ್ಮಿಗಳನ್ನು ಸಾಲಾಗಿ ಹಾಕಿ, ಅವು ಕೊಳೆಯುವುದನ್ನು ಇನ್ನೂರು ವರ್ಷ ನೋಡುವ ಅಧ್ಯಯನ ಶುರುಮಾಡಿದರು. ಮುಗಿಯುವುದನ್ನು ನೋಡಲು ಶುರುಮಾಡಿದವರು ಇರುವುದಿಲ್ಲ ಎಂದು ತಿಳಿದೇ ಕೈಹಾಕಿದ ಕೆಲಸ ಅದು. ದಿಮ್ಮಿಯ ಆಯುಷ್ಯ ಅಷ್ಟು ದೀರ್ಘ, ಮತ್ತು ಒಂದೊಂದು ಹಂತಕ್ಕೆ ಒಂದೊಂದು ಸಂಸಾರ. ತೊಗಟೆ ಗಟ್ಟಿಯಿದ್ದಾಗ ಒಂದಿಷ್ಟು ಜೀವಿಗಳು. ತೊಗಟೆ ಕಳಚಿ ಮರ ಮೆತ್ತಗಾದಾಗ ಹಾವಸೆ. ಇಟ್ಟಿಗೆಬಣ್ಣಕ್ಕೆ ತಿರುಗಿ ಚೌಕಚೌಕವಾಗಿ ಬಿರಿದಾಗ ಹೆಮ್‌ಲಾಕ್ ಸಸಿಗಳು ಅದರ ಬೆನ್ನ ಮೇಲೇ ಬೇರುಬಿಟ್ಟು ಸಾಲಾಗಿ ಏಳುತ್ತವೆ. ಆ ಮೆತ್ತನೆಯ ಹಂತದ ದಿಮ್ಮಿಯ ಪಕ್ಕ ಮೊಣಕಾಲೂರಿ. ಎಲೆಯೇ ಕಾಣದ, ಒಂದು ಗಿಡ್ಡ ಕಡ್ಡಿಯ ಮೇಲೆ ಓರೆಯಾಗಿ ಕೂತ ದಪ್ಪ ಹಸಿರು ಬೀಜಕೋಶ ಕಂಡರೆ ಅದು ಬಕ್ಸ್‌ಬೌಮಿಯಾ ವಿರಿಡಿಸ್, ಯುರೋಪಿನಲ್ಲೂ ರಕ್ಷಣೆ ಪಡೆದ ಹಾವಸೆ. ದಿಮ್ಮಿಯ ಮೇಲೆ ಮಕ್ಕಳನ್ನು ನಡೆಸಿ ಫೋಟೊ ತೆಗೆಯುವ ಆಸೆ ಆಗುತ್ತದೆ, ದಯವಿಟ್ಟು ಬೇಡ. ಒಂದು ಹೆಜ್ಜೆಗೆ ಹತ್ತಾರು ವರ್ಷದ ಪದರ ಕುಸಿಯುತ್ತದೆ.

*ಆಳವಾದ ತರಗು, ಹಸಿರಿಲ್ಲದ ಗಿಡಗಳು.* ಜೂನ್, ಜುಲೈಯಲ್ಲಿ ಬೆಳಕು ಕಡಿಮೆಯಿರುವ, ಪೊದೆಗಳಿಲ್ಲದ ಸೂಜಿತರಗಿನ ನೆಲ ಹುಡುಕಿ. ಬಿಳಿಯ ದಂಟಿನ ಮೇಲೆ ಕಡುಗೆಂಪು ಗೀರುಗಳಿರುವ ಅಲೊಟ್ರೋಪಾ ವಿರ್ಗಾಟಾ, ಮೇಣದಂಥ ಬಿಳಿಯ ಮೊನೊಟ್ರೋಪಾ, ಇಡೀ ಗಿಡವೇ ಬೆಳ್ಳಗಿರುವ ಫ್ಯಾಂಟಮ್ ಆರ್ಕಿಡ್ ತರಗನ್ನು ಸೀಳಿಕೊಂಡು ಏಳುವುದು ಇಂಥಲ್ಲಿ. ಇವಕ್ಕೆ ಪತ್ರಹರಿತ್ತಿಲ್ಲ, ಸ್ವಂತಕ್ಕೆ ಅನ್ನ ಬೇಯಿಸಿಕೊಳ್ಳಲಾರವು. ಮರದ ಬೇರಿಗೆ ಅಂಟಿಕೊಂಡ ಶಿಲೀಂಧ್ರದ ಎಳೆಗಳಿಂದ ಸಕ್ಕರೆ ಪಡೆಯುತ್ತವೆ. 1960ರಲ್ಲಿ ಸ್ವೀಡನ್ನಿನ ಎರಿಕ್ ಬ್ಯೊರ್ಕ್‌ಮನ್ ಮರಕ್ಕೆ ವಿಕಿರಣ ಗುರುತು ಹಚ್ಚಿದ ಸಕ್ಕರೆ ಚುಚ್ಚಿ, ಅದು ಪಕ್ಕದ ಮೊನೊಟ್ರೋಪಾ ಗಿಡದಲ್ಲಿ ಸೇರಿದ್ದನ್ನು ತೋರಿಸಿದ್ದರು. ಕಾಡಿನ ಮರಗಳೆಲ್ಲ ನೆಲದಡಿ ಮಾತಾಡಿಕೊಳ್ಳುತ್ತವೆ ಎಂಬ ಕಥೆ ಈಗ ಬಹಳ ಜನಪ್ರಿಯ. 2023ರಲ್ಲಿ ಶಿಲೀಂಧ್ರ ತಜ್ಞರೇ ಅಧ್ಯಯನಗಳನ್ನು ಮತ್ತೆ ಪರಿಶೀಲಿಸಿ, ಅಷ್ಟು ದೊಡ್ಡ ಮಾತಿಗೆ ಕಾಡಿನಲ್ಲಿ ಸಿಕ್ಕ ಪುರಾವೆ ಸಾಲದು ಎಂದರು. ಈ ಬಿಳಿಗಿಡಗಳ ವಿಷಯದಲ್ಲಿ ಅಂಥ ಅನುಮಾನವಿಲ್ಲ. ಕಣ್ಣೆದುರಿಗೇ ಸಾಕ್ಷಿ ನಿಂತಿದೆ.

ಒಂದೊಂದಕ್ಕೂ ಅದರದೇ ಶಿಲೀಂಧ್ರ. ಅಲೊಟ್ರೋಪಾಕ್ಕೆ ಮಾತ್ಸುತಾಕೆ ಅಣಬೆಯ ಎಳೆಗಳೇ ಬೇಕು, ಮೊನೊಟ್ರೋಪಾಕ್ಕೆ ರಸ್ಸುಲಾ ಬಳಗದವು. ಆದ್ದರಿಂದಲೇ ಇವನ್ನು ಕಿತ್ತು ಕುಂಡದಲ್ಲಿ ನೆಡುವುದು ಗಿಡವನ್ನು ಕೊಂದಂತೆ. ತಿನ್ನಲು ಬೇಡಿಕೆಯಿರುವ ಮಾತ್ಸುತಾಕೆಗಾಗಿ ತರಗನ್ನು ಕುಂಟೆ ಹಾಕಿ ಕೆದರಿದರೆ ಅಣಬೆಯ ಜೊತೆಗೆ ಅಲೊಟ್ರೋಪಾಕ್ಕೂ ಹೊಡೆತ. ವಸಂತದ ಕ್ಯಾಲಿಪ್ಸೊ ಆರ್ಕಿಡ್‌ಗೆ ಹಸಿರೆಲೆ ಒಂದಿದೆ, ಆದರೂ ಅದರ ಬೇರು ಎಷ್ಟು ನಾಜೂಕೆಂದರೆ ಹೂ ಕಿತ್ತರೆ ಗಿಡವೇ ಸಾಯುತ್ತದೆ. ಕೈಯನ್ನು ಹಿಂದೆ ಕಟ್ಟಿಕೊಂಡು ನೋಡಿ.

ಅದೇ ತರಗಿನಲ್ಲಿ ಹೊಸದಾಗಿ ಕೆದರಿದ ಬೊಗಸೆಯಗಲದ ಗುಳಿಗಳು ಕಂಡರೆ ಅಲ್ಲಿ ನೆಲದಡಿಯ ಅಣಬೆಯಾದ ಟ್ರಫಲ್ ಇದ್ದಿರಬೇಕು. ಹಾರುವ ಅಳಿಲು, ವೋಲ್ ಇಲಿಗಳು ವಾಸನೆ ಹಿಡಿದು ಅಗೆದು ತಿಂದು, ಹಿಕ್ಕೆಯಲ್ಲಿ ಬೀಜಕಣಗಳನ್ನು ಬೇರೆಡೆ ಬಿತ್ತುತ್ತವೆ. ಆ ಅಳಿಲನ್ನು ಹಿಡಿಯುವುದು ಚುಕ್ಕೆಗೂಬೆ. ಗೂಬೆಗಾಗಿ ಶುರುವಾದ ಕಾನೂನು ಅಣಬೆಯವರೆಗೆ ಬಂದು ನಿಂತದ್ದರಲ್ಲಿ ಆಶ್ಚರ್ಯವೇನಿದೆ?

*ತಣ್ಣನೆಯ ಹಳ್ಳ.* ಇದನ್ನು ದಂಡೆಯಿಂದಲೇ ನೋಡಿ. ಬೇಸಗೆಯಲ್ಲೂ ತಂಪಾಗಿ, ತಿಳಿಯಾಗಿ ಹರಿಯುವ ಬೆಟ್ಟದ ಸಣ್ಣ ತೊರೆಗಳಲ್ಲಿ ಕಲ್ಲಿಗಂಟಿಕೊಂಡು ನೀರೊಳಗೇ ಬದುಕುವ ಕಲ್ಲುಹೂವೊಂದಿದೆ, ಪೆಲ್ಟಿಜಿರಾ ಗೋವಾರ್ಡಿಯೈ. ಮೇಲಿನ ಮರ ಕಡಿದರೆ ನೀರು ಬಿಸಿಯಾಗುತ್ತದೆ, ಹೂಳು ಬರುತ್ತದೆ. ಎರಡನ್ನೂ ಇದು ತಾಳದು. ನೀರಿಗಿಳಿದು ಕಲ್ಲು ಮಗುಚುವುದು ಬೇಡ.

ನಾಲ್ಕನೆಯ ಹೆಜ್ಜೆ: ದಾಖಲೆ

ಜೀವಿಯ ಹತ್ತಿರದ ಫೋಟೊ ಒಂದನ್ನೇ ತೆಗೆದುಕೊಂಡು ಬಂದರೆ ತಜ್ಞರಿಗೂ ಹೇಳಲು ಏನೂ ಉಳಿಯುವುದಿಲ್ಲ. ಮೊದಲು ಸುತ್ತಲ ಕಾಡು, ಆಮೇಲೆ ಅದು ಬೆಳೆದ ಮರ ಅಥವಾ ದಿಮ್ಮಿ, ಆಮೇಲೆ ಜೀವಿ, ಕೊನೆಗೆ ಫೋನನ್ನು ಕೆಳಗೆ ಹಿಡಿದು ಅದರ ಅಡಿಭಾಗ, ಈ ಕ್ರಮದಲ್ಲಿ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ನಾಣ್ಯವೊಂದು ಇರಲಿ. ಮರ ಯಾವುದು, ಬದುಕಿದೆಯೋ ಸತ್ತಿದೆಯೋ, ಎಷ್ಟು ದಪ್ಪ, ನೆಲದಿಂದ ಎಷ್ಟು ಎತ್ತರದಲ್ಲಿ ಕಂಡಿತು, ಮಳೆ ತಾಗುವ ಬದಿಯೋ ಅಲ್ಲವೋ ಎಂದು ಎರಡು ಸಾಲು ಬರೆದುಕೊಳ್ಳಿ. ಕನ್ನಡದಲ್ಲೇ ಬರೆಯಿರಿ, ಆಮೇಲೆ ಅನುವಾದಿಸಿದರಾಯಿತು.

ಕಂಡ ಜೀವಿಯ ಫೋಟೊ ಹಂಚಿ ಹೆಸರು ತಿಳಿಯುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕುವಾಗ ಅಪರೂಪದ್ದೆಂದು ಸಂಶಯ ಬಂದ ಯಾವುದಕ್ಕೂ ಜಾಗವನ್ನು ಮಸುಕಾಗಿಸುವ ಆಯ್ಕೆಯನ್ನು ನೀವೇ ಒತ್ತಿ. ಅಪಾಯದಲ್ಲಿರುವ ಜೀವಿಗಳೆಂದು ಆ್ಯಪ್‌ಗೆ ಗೊತ್ತಿರುವುದನ್ನು ಅದು ತಾನೇ ಮಸುಕಾಗಿಸುತ್ತದೆ, ಆದರೆ ಹೆಸರು ತಪ್ಪಾಗಿ ಹಾಕಿದ್ದರೆ ಅದಕ್ಕೆ ತಿಳಿಯುವುದು ಹೇಗೆ? ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಕ್ಷೆಯ ಕೊಂಡಿ ಹಂಚುವುದಂತೂ ಬೇಡವೇ ಬೇಡ. ಆರ್ಕಿಡ್, ಅಗಾರಿಕಾನ್ ಎರಡಕ್ಕೂ ಕದಿಯುವವರಿದ್ದಾರೆ.

ತಿನ್ನುವ ಮಾತು

ಮಲೆನಾಡಿನಿಂದ ಬಂದವರಿಗೆ ಅಣಬೆ ಕಂಡರೆ ಕೈ ತಡೆಯದು, ನನಗೆ ಗೊತ್ತು. ಆದರೆ ಊರಿನ ಅಣಬೆಜ್ಞಾನ ಇಲ್ಲಿ ಕೆಲಸಕ್ಕೆ ಬಾರದು. ಗೆದ್ದಲು ಸಾಕುವ ನಮ್ಮ ಹುತ್ತದ ಅಣಬೆ ಅಮೆರಿಕದಲ್ಲಿ ಬೆಳೆಯುವುದೇ ಇಲ್ಲ. ಡೆತ್ ಕ್ಯಾಪ್ ಎಂಬ ವಿಷದ ಅಣಬೆ ಸಿಯಾಟಲ್, ವ್ಯಾಂಕೂವರ್ ಊರೊಳಗಿನ ಸಾಲುಮರಗಳ ಕೆಳಗೇ ಬರುತ್ತದೆ. ಅದರ ಎಳೆಯ ಮೊಗ್ಗು ಏಷ್ಯಾದ ಭತ್ತದ ಹುಲ್ಲಿನ ಅಣಬೆಯನ್ನೇ ಹೋಲುವುದರಿಂದ ಏಷ್ಯಾದಿಂದ ಹೋಗಿ ನೆಲೆಸಿದವರು ಮೋಸಹೋಗಿ ಪ್ರಾಣ ಕಳೆದುಕೊಂಡಿದ್ದಾರೆ. ತಿಂದ ಮೇಲೆ ಹಲವು ತಾಸು ಏನೂ ಆಗುವುದಿಲ್ಲ, ವಾಂತಿಭೇದಿ ಶುರುವಾಗುವ ಹೊತ್ತಿಗೆ ವಿಷ ಯಕೃತ್ತಿಗೆ ಇಳಿದಿರುತ್ತದೆ. ಬೇಯಿಸಿದರೂ ವಿಷ ಹೋಗದು. ಊರಿಂದ ಬಂದ ಅಪ್ಪ ಅಮ್ಮ ವಾಕಿಂಗ್ ಹೋಗುವಾಗ ಕಿತ್ತು ತರದಂತೆ ಮೊದಲೇ ಹೇಳಿಡಿ.

ಕೀಳುವ ಕಾನೂನು ಒಂದೊಂದು ಕಡೆ ಒಂದೊಂದು ಥರ. ರಾಷ್ಟ್ರೀಯ ಉದ್ಯಾನ, ರಾಜ್ಯದ ಕಾಡು, ಅರಣ್ಯ ಸೇವೆಯ ಕಾಡು ಎಲ್ಲದರ ನಿಯಮ ಬೇರೆ. ಆಯಾ ರೇಂಜರ್ ಕಚೇರಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಈ ಬರಹದಲ್ಲಿ ಹೆಸರಿಸಿದ ಯಾವುದನ್ನೂ, ಕಾನೂನು ಬಿಟ್ಟರೂ, ಕೀಳಬೇಡಿ.

ಮುಂದಕ್ಕೆ ಕಲಿಯುವ ದಾರಿ

ಒಬ್ಬರೇ ಕಲಿಯುವುದು ನಿಧಾನ. ಸಿಯಾಟಲ್‌ನಲ್ಲಿ 1964ರಿಂದ ಪ್ಯೂಜೆಟ್ ಸೌಂಡ್ ಮೈಕಲಾಜಿಕಲ್ ಸೊಸೈಟಿ ಇದೆ, ಶರತ್ಕಾಲದಲ್ಲಿ ಅಣಬೆಗಳ ದೊಡ್ಡ ಪ್ರದರ್ಶನ ನಡೆಸುತ್ತದೆ. ಒರೆಗಾನ್‌ಗೂ ವ್ಯಾಂಕೂವರ್‌ಗೂ ಇಂಥ ಸಂಘಗಳಿವೆ. ಕಲ್ಲುಹೂವಿನವರಿಗೆ ನಾರ್ತ್‌ವೆಸ್ಟ್ ಲೈಕನಾಲಜಿಸ್ಟ್ಸ್ ಎಂಬ ಗುಂಪಿದೆ. ನೀವು ತೆಗೆದ ನಾಲ್ಕು ಫೋಟೊ, ಬರೆದುಕೊಂಡ ಎರಡು ಸಾಲು ಹಿಡಿದು ಹೋಗಿ ಕೇಳಿ. ಬರೀ ಹೆಸರು ಕೇಳುವ ಬದಲು, ಇದು ಇಂಥ ಮರದ ಮಳೆ ತಾಗದ ಬದಿಯಲ್ಲಿತ್ತು, ಸರಿಯೇ ಎಂದು ಕೇಳಿದರೆ ತಜ್ಞರಿಗೆ ಉತ್ತರ ಹೇಳುವುದೂ ಸುಲಭ. ಮುಂದಿನ ಸಲ ಅವರು ಕಾಡಿಗೆ ಹೊರಟಾಗ ಜೊತೆಗೆ ಬರುತ್ತೇನೆಂದು ಅಲ್ಲಿಯೇ ಹೆಸರು ಕೊಟ್ಟು ಬನ್ನಿ.